ತಂಬಾಕಿನ ಟೆಂಪೋದಾಗ ಸಂಸಾರ

ಎದುರು ಮನಿಯಾಗ ರಿಪೇರಿ ನಡದ್ರ ನಮ್ಮ ಮನಿಯಾಗ ಟಿವಿ ಹಚ್ಚೂದಿಲ್ಲ. ಹಚ್ಚಿ ಏನ ಮಾಡೂದು? ಅದರಕಿಂತ ಚಲೋ ಆಟ ಬಾಗಲಾಚೆ ನಡದಿರ್ತೈತಿ. ನಾ ಕಲತದ್ದು ಎರಡನೇ ಇಯತ್ತೆ, ಆದರ ಕಟ್ಟಿ ಮ್ಯಾಲ ಕುಂತು ಓಣಿ ಓದಿಕೊಂಡೀನಿ. ಆ ಓದಿನಾಗ ಎದುರು ಮನಿ ಡ್ರೈವರನ ಗಾಡಿ ಪಾಠ ಒಂದನ್ನ ಮರ್ಯಾಕ ಆಗೂದಿಲ್ಲ.

ಗಿಡ ಮತ್ತು ರೊಟ್ಟಿ

ಡ್ರೈವರ ಅಂದ್ರ ಸರಕಾರಿ ಬಸ್ ಹೊಡದು ರಿಟೈರ್ ಆದಾವ. ನಮ್ಮ ಚಿಕ್ಕೋಡಿಯಿಂದ ವಸ್ತಿ ಗಾಡಿ ಒಯ್ತಿದ್ದ. ವಸ್ತಿ ಗಾಡಿ ಅಂದ್ರ ಸಂಜಿಗೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಮಂದೀನ ತುಂಬಕೊಂಡು ವಾಪಸ್ ಬರೂ ಬಸ್. ಅಂವ ವಸ್ತಿ ಇರೂ ಹಳ್ಳಿ ಕಾಗವಾಡ ದಾಟಿ ಅನಂತಪುರದ ಆಚೆ ಇತ್ತು. ಸಂಗಾಟ ಇದ್ದ ಕಂಡಕ್ಟರಗ ಆ ಊರಾಗ ಮಾವನ ಮನಿ. ಅಂವ ಅಲ್ಲಿ ಉಂಡು ಮಲಗಾವ. ಡ್ರೈವರ ಎಲ್ಲಿ ಉಣ್ತಿದ್ದ? ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ನಮ್ಮ ಓಣಿಗೆ ಭಾಳ ರುಚಿ.

ಇನ್ನೊಂದು ಮಾತು. ವರ್ಷಕ್ಕೊಮ್ಮೆ, ದಸರಾ ಮುಂದ, ಇಂವ ಆ ಊರಿಂದ ಹೆಂಡತಿಗೆ ಒಂದು ಖಣ ತರ್ತಿದ್ದ. ಕುಬಸಕ್ಕ ಅಂಥಾ ಖಣ ನಿಪ್ಪಾಣಿ ಪ್ಯಾಟ್ಯಾಗೂ ಸಿಗಲಿಕ್ಕಿಲ್ಲ. ದಡಿ ಏನು, ಬಣ್ಣ ಏನು! ಅಂವನ ಹೆಂಡತಿ, ನಾವೆಲ್ಲ ವೈನಿ ಅಂತೀವಿ, ಅದನ್ನ ಹೊಲಿಸಿಕೊಂಡು ಓಣಿ ತುಂಬ ತಿರುಗಾಕಿ. ನಾ ಬಾಯಿ ಮುಚ್ಚಿಕೊಂಡು ಕುಂದ್ರೂ ಪೈಕಿ ಅಲ್ಲ. "ವೈನಿ, ನಿನ್ನ ಗಂಡಗ ಸಂತ್ಯಾಗ ಹೀರೀಕಾಯಿ ಆರಿಸಾಕ ಬರೂದಿಲ್ಲ. ಇಂಥಾ ಖಣ ಯಾರ ಆರಿಸಿ ಕೊಟ್ಟಾರ?" ಅಂತ ಕೇಳಿದ್ದೆ. ಅವತ್ತಿನಿಂದ ವೈನಿ ಮಾರಿ ಸಣ್ಣದಾತು. ಕುಬಸ ಮಾತ್ರ ಬಿಡಲಿಲ್ಲ.

ರಿಟೈರ್ ಆದ ಮ್ಯಾಲ ಡ್ರೈವರಗ ಮಂಚದ ಮ್ಯಾಲ ನಿದ್ದಿ ಬರವಲ್ದು. ಬಸ್ಸಿನ ಸೀಟಿನ ಮ್ಯಾಲ ಮಲಗಿ ಬೆನ್ನಿಗೆ ಅದೇ ರೂಢಿ ಬಿದ್ದಿತ್ತು. ಒಂದಿನ ನಿಪ್ಪಾಣಿಯಿಂದ ಹಳೇ ಟೆಂಪೋ ಹೊಡಕೊಂಡ ಬಂದು ಬಾಗಲ ಮುಂದ ನಿಲ್ಲಿಸಿದ. ತಂಬಾಕು ಹೇರಿ ಹೇರಿ ಮುದಿಯಾದ ಗಾಡಿ.

"ಅಕ್ಕಾ, ಇದನ್ನ ಮನಿ ಮಾಡ್ತೀನಿ" ಅಂದ ನನಗ. "ಒಳಗ ಹಾಸಿಗಿ, ಅಡಿಗಿ ಕಟ್ಟಿ, ನೀರಿನ ಟಾಕಿ. ಫಾರಿನ್ ಮಂದಿ ಹಿಂಗ ಇರ್ತಾರ, ಟಿವ್ಯಾಗ ನೋಡೀನಿ. ಇಬ್ಬರೂ ದೇಶ ತಿರಗ್ತೀವಿ."

ವೈನಿ ಒಳಗ ಇಣಕಿ ನೋಡಿ, ತಂಬಾಕಿನ ಘಾಟಿಗೆ ಒಂದು ದೊಡ್ಡ ಸೀನು ಸೀನಿ, ಸೆರಗಿಲೆ ಮೂಗು ಒರಸಿಕೊಂಡು ಅಂದಳು: "ದೇಶ ಆಮ್ಯಾಲ. ಮೊದಲ ನಿಮ್ಮ ವಸ್ತಿ ಊರಿಗೆ ಕರಕೊಂಡ ಹೋಗ್ರಿ. ಇಷ್ಟ ವರ್ಷ ಎಲ್ಲಿ ಉಂಡ್ರಿ, ಎಲ್ಲಿ ಮಲಗಿದ್ರಿ, ನಾ ಕಣ್ಣಿಲೆ ನೋಡಬೇಕು. ಅಲ್ಲೀತನಕ ಈ ಗಾಡ್ಯಾಗ ಕಾಲ ಚಾಚೂದಿಲ್ಲ."

ಡ್ರೈವರನ ಕೈಯಾಗಿನ ನಟ್ ಬಿಗಿಯೂ ಪಾನಾ ಟಣ್ ಅಂತ ಕೆಳಗ ಬಿತ್ತು. "ಅಲ್ಲೇನ ಐತಿ ನೋಡಾಕ? ಒಂದ ಹುಣಸೀ ಗಿಡ ಐತಿ."

"ಹುಣಸೀ ಗಿಡ ರೊಟ್ಟಿ ಬಡೀತೈತೇನ್ರಿ?" ಅಂದಳು ವೈನಿ.

ಬ್ರೇಕಿನ ಚಟ್ನಿ

ಅಲ್ಲಿಂದ ಶುರುವಾತು ನೋಡ್ರಿ ರಿಪೇರಿ. ಇವತ್ತು ಹೊರಡೂಣು ಅಂದ್ರ ಗಾಲಿ ಮ್ಯಾಲಿನ ಪಾಟಾ ಸಡಲೈತಿ ಅನ್ನಾವ. ನಾಳೆ ಅಂದ್ರ ಛತ್ ಸೋರ್ತೈತಿ ಅನ್ನಾವ. ಛತ್ ಆದ ಮ್ಯಾಲ ಕಿಡಕಿ. ಕಿಡಕಿ ಆದ ಮ್ಯಾಲ ಕಿಡಕಿಗೆ ಪಡದೆ. ಎಲ್ಲಾ ತಾನ ಮಾಡಾವ, ಮೇಸ್ತ್ರಿಗೆ ಮುಟ್ಟಗೊಡೂದಿಲ್ಲ. ಮೇಸ್ತ್ರಿ ಬಂದ್ರ ಕೆಲಸ ಮುಗದ ಹೋಗ್ತೈತಲ್ಲ! ಅದು ನನಗ ತಿಳೀತು, ವೈನಿಗೂ ತಿಳೀತು.

ವೈರಿಂಗನ್ನೂ ತಾನ ಮಾಡಿದ. ಇನ್ವರ್ಟರ್ ಇಟ್ಟು, ಒಂದು ಫ್ಯಾನು, ಎರಡು ಲೈಟು, ವೈನಿಗೆ ಒಂದು ಮಿಕ್ಸರ್. ಯಾವ ವೈರು ಎಲ್ಲಿ ಹೋಗಿ ಕೂಡಿತ್ತೋ ದೇವರೇ ಬಲ್ಲ. ಹ್ಯಾಂಗ ಓಡ್ತೈತಿ ನೋಡೂಣು ಅಂತ ಇಬ್ಬರೂ ಅಕ್ಕೋಳದ ಬೀಗರ ಮನಿಗೆ ಹೋಗಿ ಬಂದ್ರು. ಇಳಿದಾಗ ವೈನಿ ಕೂದಲ ತುಂಬ ಶೇಂಗಾ ಪುಡಿ.

"ಏನಾತು ವೈನಿ?" ಅಂದೆ.

"ಬ್ರೇಕ್ ಒತ್ತಿದ್ರ ಮಿಕ್ಸರ್ ತಿರಗ್ತೈತ್ರಿ ಅಕ್ಕಾರ. ಹಂಪ್ ಬಂದಲ್ಲೆಲ್ಲ ಗರ್ ಅಂತಿತ್ತು. ಹ್ವಾದ ವಾರ ಅದರಾಗ ಶೇಂಗಾ ಹಾಕಿ ಇಟ್ಟಿದ್ದೆ, ಮುಚ್ಚಳ ಹಾಕಿರಲಿಲ್ಲ."

ಡ್ರೈವರಗ ನಾಚಿಗಿ ಅನ್ನೂದು ಇರಬೇಕಲ್ಲ! ಮಿಕ್ಸರಿನಾಗ ಉಳದ ಪುಡಿ ಬಟ್ಟಲದಾಗ ಸುರಕೊಂಡು ನನಗೊಂದಿಷ್ಟು ತಂದು ಕೊಟ್ಟ. "ತಿನ್ನು ಅಕ್ಕಾ, ರೋಡ್ ಚಲೋ ಇದ್ದಿದ್ರ ಇಷ್ಟ ಸಣ್ಣ ಆಗ್ತಿದ್ದಿಲ್ಲ."

ಬಾಗಿಲು ಯಾವ ದಿಕ್ಕಿಗೆ?

ಮನಿ ಅಂದ ಮ್ಯಾಲ ಹೊಸ್ತಿಲು ಬೇಕು ಅಂದಳು ವೈನಿ. ಅರಿಷಿಣ ಕುಂಕುಮ ಎಲ್ಲಿ ಹಚ್ಚೂದು? ಡ್ರೈವರಗ ಇನ್ನೊಂದು ನೆವ ಸಿಕ್ಕಿತು. ಬೋರಗಾಂವದಾಗ ಯಾರೋ ಕೆಡವಿದ ಮನಿಯಿಂದ ಸಾಗವಾನಿ ಹೊಸ್ತಿಲು ತಂದು, ಕೊಯ್ದು, ಟೆಂಪೋದ ಹಿಂದಿನ ಬಾಗಲಿಗೆ ಬೋಲ್ಟ್ ಹಾಕಿ ಜಡದ. ಎತ್ತರ ಅಂದ್ರ ಎತ್ತರ. ಮೊದಲ ಎಡವಿದಾಕಿ ನಾನು. ನೇರ ಹೋಗಿ ಹಾಸಿಗಿ ಮ್ಯಾಲ ಬಿದ್ದೆ.

"ಮಲಗಾಕ ಹ್ಯಾಂಗೈತಿ ಅಕ್ಕಾ?" ಅಂದ ಡ್ರೈವರ.

ಪೂಜಾಕ್ಕ ಅಯ್ನಾರು ಬಂದ್ರು. ಇದು ಗಾಡಿ ಪೂಜಾನೋ ಮನಿ ಶಾಂತೀನೋ ಅಂತ ಅವರಿಗೆ ಮೊದಲ ತಕರಾರು. ಗಾಡಿ ಅಂದ್ರ ಗಾಲಿ ಕೆಳಗ ಲಿಂಬಿಹಣ್ಣು. ಮನಿ ಅಂದ್ರ ಹಾಲು ಉಕ್ಕಿಸೂದು. ಎರಡೂ ಮಾಡ್ರಿ ಅಂದಳು ವೈನಿ. ಅಯ್ನಾರು ಕಣ್ಣು ಮುಚ್ಚಿ, ಮತ್ತ ತೆಗದು ಕೇಳಿದ್ರು:

"ಬಾಗಿಲು ಯಾವ ದಿಕ್ಕಿಗೆ?"

"ಈಗ ಪೂರ್ವಕ್ಕ ಐತ್ರಿ" ಅಂದ ಡ್ರೈವರ. "ಸಂತಿ ಕಡೆ ಹೊಳ್ಳಿದ್ರ ದಕ್ಷಿಣ. ರಾಯಬಾಗ ರೋಡಿಗೆ ಹತ್ತಿದ್ರ ಪಶ್ಚಿಮ. ರಿವರ್ಸ್ ತಗೊಂಡ್ರ ಎಲ್ಲಾ ಉಲ್ಟಾ."

ಅಯ್ನಾರು ಭಾಳ ಹೊತ್ತು ವಿಚಾರ ಮಾಡಿದ್ರು. ನಾನೂ ಮಾಡಿದೆ. ಮನಿಗೆ ಒಂದು ದಿಕ್ಕಂತ ಇರತೈತಿ, ಆ ದಿಕ್ಕಿಗೆ ಮಾರಿ ಮಾಡಿ ಹೆಂಗಸು ಜೀವನ ಪೂರ್ತಿ ಕುಂತಿರ್ತಾಳ. ಗಂಡಸಿನ ದಿಕ್ಕು ಯಾರಿಗೆ ಗೊತ್ತು? ವೈನಿ ವಸ್ತಿ ರಾತ್ರಿಗಳನ್ನೆಲ್ಲ ಹಂಗ ಕಳದಿದ್ದಳು, ಪೂರ್ವದ ಬಾಗಲಾಗ ಕುಂತು, ಗಾಡಿ ಯಾವ ಕಡೆ ನಿಂತೈತೋ ಅಂತ.

ಕಡೀಕ ಅಯ್ನಾರು ಅಂದ್ರು: "ಮಂತ್ರ ಮುಗಿಯೂತನಕ ಹ್ಯಾಂಡ್ ಬ್ರೇಕ್ ಹಾಕಿ ಇಡಪಾ. ಮುಂದಿನ ಜವಾಬ್ದಾರಿ ನಂದಲ್ಲ."

ಒಂಟಿ ಸೀನು

ನೆವ ಎಲ್ಲಾ ಮುಗದವು. ಒಂದಿನ ಮುಂಜಾನೆ ವೈನಿ ಬುತ್ತಿ ಕಟ್ಟಿಕೊಂಡು, ಆ ಖಣದ ಕುಬಸ ತೊಟ್ಟು, ಗಾಡ್ಯಾಗ ಹೋಗಿ ಕುಂತಳು. ನನ್ನನ್ನೂ ಕರದಳು. "ಅಕ್ಕಾರ, ನೀವು ಬರ್ರಿ. ಅಲ್ಲಿ ಏನ ಕಂಡ್ರೂ ನನಗ ಖರೇ ಅನ್ನಿಸಬೇಕಲ್ಲ, ಇನ್ನೊಂದು ಕಣ್ಣು ಇರಲಿ." ಕರೀದಿದ್ರೂ ನಾ ಹೋಗಾಕೀನ. ಚೀಲ ಹಿಂದಿನ ದಿನಾನ ಕಟ್ಟಿ ಇಟ್ಟಿದ್ದೆ.

ಓಣಿ ಮಂದಿ ಎಲ್ಲಾ ಕಳಸಾಕ ಬಂದು ನಿಂತ್ರು. ಡ್ರೈವರ ಚಾವಿ ತಿರವಿದ, ಗಾಡಿ ನಡಗಿತು, ಮೂಲಿಮೂಲಿಯಾಗಿನ ತಂಬಾಕಿನ ಧೂಳು ಎದ್ದಿತು. ವೈನಿ ಸೀನಿದಳು. ಒಂದೇ ಸೀನು. ಹೊರಡೂ ಹೊತ್ತಿಗೆ ಒಂಟಿ ಸೀನು ಆದ್ರ ಇಳಿಬೇಕು, ಒಂಚೂರು ಕುಂದ್ರಬೇಕು, ನೀರು ಕುಡಿಬೇಕು. ಇಳಿದಿವಿ, ಕುಂತಿವಿ, ಕುಡದಿವಿ. ಮತ್ತ ಹತ್ತಿದಿವಿ. ಚಾವಿ ತಿರವಿದ. ಈ ಸಲ ನಾ ಸೀನಿದೆ.

ಡ್ರೈವರನ ಮಾರಿ ಮ್ಯಾಲ ಎಂಥಾ ಕಳಾ! "ನೋಡ್ರಿ, ದೇವರ ಮನಸಿನಾಗ ಇಲ್ಲ. ಇಳೀರಿ."

ನನಗ ಸಿಟ್ಟ ಬಂತು. ಜೋಡಿ ಸೀನು ಆದ್ರ ಶುಭ ಅಲ್ಲೇನು? ನನ್ನ ನಡದಾಗ ತಪಕೀರಿನ ಡಬ್ಬಿ ಸದಾ ಇರತೈತಿ. ಒಂದು ಚಿಟಿಕಿ ಮೂಗಿಗೆ ಏರಿಸಿ ಎರಡನೇ ಸೀನು ಸೀನಿ ತೋರಿಸಿದೆ. "ನಡಿ ಈಗ!" ಆದರ ಆ ತಪಕೀರು ಎರಡಕ್ಕ ನಿಲ್ಲಬೇಕಲ್ಲ! ಮೂರನೇದೂ ಬಂತು. ನಾಕು ಮಾಡಾಕ ವೈನಿಗೆ ಒಂದು ಚಿಟಿಕಿ ಕೊಟ್ಟೆ. ಆಕಿ ಸೀನಿದ್ದಕ್ಕ ಡ್ರೈವರ ಸೀನಿದ. ಕಳಸಾಕ ಬಂದವರಾಗ ಯಾರೋ ಸೀನಿದ್ರು. ಅದನ್ನ ಹಿಡೀಬೇಕೋ ಬಿಡಬೇಕೋ ಅಂತ ಜಗಳ. ಗಾಡಿ ಹೊರಗಿನ ಸೀನು ನಡಿಯೂದಿಲ್ಲ ಅಂತ ನಾನು, ಕಿಡಕಿ ತೆರದಿತ್ತು ನಡೀತೈತಿ ಅಂತ ಅವರು.

ಬಿಸಲು ನೆತ್ತಿಗೆ ಬಂತು. ವೈನಿ ಕಣ್ಣು ಮೂಗು ಎರಡೂ ಹರಿಯಾಕತ್ತಿದ್ದವು. ತಪಕೀರಿಂದೋ ಮತ್ತೊಂದರಿಂದೋ ನಾ ಕೇಳಲಿಲ್ಲ. ಮೆಲ್ಲಕ ಅಂದಳು: "ಇಷ್ಟ ವರ್ಷ ವಸ್ತಿಗೆ ಹೋಗುವಾಗ ನಿಮಗ ಒಂದ ಸೀನೂ ಅಡ್ಡ ಬರಲಿಲ್ಲ. ನಾ ಬರ್ತೀನಿ ಅಂದಾಗ ಊರಿಗೆ ಊರ ಸೀನಾಕತ್ತೈತಿ."

ಡ್ರೈವರ ಗೇರ್ ಹಾಕಿದ.

ವಸ್ತಿ

ಹೊಳಿ ದಾಟಿ, ಕಾಗವಾಡ ದಾಟಿ, ಅನಂತಪುರ ಹಿಂದ ಬಿಟ್ಟು ಹೋದಿವಿ. ದಾರಿಯಾಗ ಯಾರರ ಕೈ ಮಾಡಿದ್ರ ಡ್ರೈವರನ ಕಾಲು ಬ್ರೇಕಿಗೆ ಹೋಗೂದು, ಮಿಕ್ಸರ್ ಗರ್ ಅನ್ನೂದು. ಹೊತ್ತು ಮುಳುಗೂ ಮುಂದ ಆ ಊರು ಬಂತು. ಹುಣಸೀ ಗಿಡ ಖರೇನ ಇತ್ತು. ಡ್ರೈವರ ಏನೂ ವಿಚಾರ ಮಾಡದ ಗಾಡಿ ಹೊಳ್ಳಿಸಿ, ಬೆಳಿಗ್ಗೆ ಹೊರಡಾಕ ಸಜ್ಜಾಗಿ ನಿಂತ ಬಸ್ಸಿನಂಗ, ಗಿಡದ ಬುಡಕ್ಕ ಹಚ್ಚಿದ.

ನಾನೂ ವೈನಿನೂ ಕಣ್ಣಾಗ ಎಣ್ಣಿ ಬಿಟ್ಟುಕೊಂಡು ನೋಡಿದಿವಿ. ಎದುರು ಮನಿ ಬಾಗಿಲು ತೆರೀತು. ಹೊರಗ ಬಂದಾಕಿ ನನಕಿಂತ ಮುದಿಕಿ! ಬೆನ್ನು ಬಾಗೈತಿ, ಬಾಯಾಗ ಹಲ್ಲಿಲ್ಲ, ಕಣ್ಣು ಮಬ್ಬು. ಎಲ್ಲರೂ ಆಕಿನ್ನ ಆಯಿ ಅಂತಾರ.

"ಬಂದ್ಯಾ ಡ್ರೈವರಾ? ನಿನ್ನ ಗಾಡಿ ಸಪ್ಪಳ ಬ್ಯಾರೆ ಆಗೈತೆಲ್ಲೋ" ಅಂದು ಹತ್ತರ ಬಂದಳು. ವೈನಿ ಕೈ ಮುಟ್ಟಿ ನೋಡಿದಳು, ಹಸರು ಬಳಿ ಹತ್ತಿದವು. ಆಯಿ ಮಾರಿ ಅರಳಿತು.

"ಅಯ್ಯ ನನ್ನಪ್ಪಾ! ಕಡೀಕೂ ಎರಡನೇ ಲಗ್ನ ಮಾಡಿಕೊಂಡ್ಯಾ? ಚಲೋ ಆತು. ಆ ಸತ್ತಾಕಿನ್ನ ನೆನಸಿ ಎಷ್ಟಂತ ಅಳ್ತಿದ್ದಿ!"

ಡ್ರೈವರ ಬಾನೆಟ್ ತೆಗದು ಅದರೊಳಗ ತಲಿ ಹಾಕಿದ. ರಿಪೇರಿ ಮಾಡಾಕ ಅಲ್ಲ, ಮುಚ್ಚಿಕೊಳ್ಳಾಕ.

ಆಮ್ಯಾಲ ಒಂದೊಂದ ಹೊರಗ ಬಿತ್ತು. ಮೊದಲನೇ ವಸ್ತಿಗೆ ಬಂದಾಗ ಇವಗ ಹಸಿವಿ. ಬಿಸಿ ರೊಟ್ಟಿ ಬೇಕಾಗಿತ್ತು. ಹೆಂಡತಿ ಊರಾಗ ಅದಾಳ ಅಂದ್ರ ಬುತ್ತಿ ತರಬೇಕಿಲ್ಲೇನು ಅಂತಾರ. ಅದಕ್ಕ ಹೆಂಡತಿ ಸತ್ತಾಳ ಅಂದುಬಿಟ್ಟ. ಆಯಿ ಕರಳು ಚುರ್ ಅಂತು, ಅವತ್ತಿನಿಂದ ವಸ್ತಿ ಇದ್ದ ದಿನ ಎಲ್ಲಾ ಬಿಸಿ ರೊಟ್ಟಿ, ಮ್ಯಾಲ ಬೆಣ್ಣಿ. ತಿನ್ನುವಾಗ ಸತ್ತಾಕಿ ಬಗ್ಗೆ ನಾಕು ಮಾತು ಹೇಳಬೇಕಲ್ಲ, ಹೇಳಿದ. ಹೇಳಿ ಹೇಳಿ ಅದು ನಿಲ್ಲಲಿಲ್ಲ.

ಆಯಿ ವೈನಿ ಕೈ ಹಿಡಕೊಂಡು ಬುದ್ಧಿ ಹೇಳಾಕತ್ತಳು: "ನೋಡವ್ವಾ, ಮೊದಲನೇಕಿ ಭಾರೀ ಗುಣದಾಕಿ ಅಂತ. ಇಂವ ಹೊರಟಾಗ ಒಂದ ದಿನ ಮಾರಿ ಸಣ್ಣ ಮಾಡಲಿಲ್ಲಂತ. ಆಕಿ ಬಡದ ರೊಟ್ಟಿ ಹೂವಿನಂಗ ಇರತಿದ್ವಂತ. ಮೂರು ಹೆಣ್ಣುಮಕ್ಕಳ್ನ ಒಬ್ಬಾಕೀನ ಸಾಕಿದ್ಲಂತ, ನಾ ಏನೂ ಮಾಡಲಿಲ್ಲ ಆಯಿ ಅಂತ ಇಂವ ಇದೇ ಕಟ್ಟಿ ಮ್ಯಾಲ ಅಳ್ತಿದ್ದ. ಆಕಿ ಹಂಗ ಆಗಾಕ ನಿನಗ ಆಗೂದಿಲ್ಲ ಬಿಡು. ಆದರೂ ನೋಡು, ಪ್ರಯತ್ನ ಮಾಡು."

ಬದುಕಿದ್ದಾಗ ಗಂಡನ ಬಾಯಿಂದ ಅದರಾಗಿನ ಒಂದ ಅಕ್ಷರಾನೂ ವೈನಿ ಕೇಳಿರಲಿಲ್ಲ. ಉಪ್ಪು ಕಡಿಮಿ ಆಗೈತಿ ಅಂಬೂದು ಬಿಟ್ಟು.

"ಮುತ್ತೈದಿಯಾಗಿ ಹೋದ ಜೀವ" ಅಂದಳು ಆಯಿ. "ವರ್ಷಾ ಹಿರೇರಿಗೆ ಎಡಿ ಇಡೂ ಅಮಾಸಿಗೆ ಆಕಿ ಹೆಸರಿಲೆ ಹೋಳಿಗಿ ಎಡಿ ಇಟ್ಟು, ನಾನ ಆರಿಸಿದ ಒಂದು ಖಣ ಇಡತಿದ್ದೆ. ಹೋಳಿಗಿ ಇಂವ ತಿಂತಿದ್ದ. ಖಣ ಹೊಳ್ಯಾಗ ಬಿಟ್ಟ ಬರ್ತೀನಿ ಅಂತ ಒಯ್ತಿದ್ದ."

ನಾ ವೈನಿ ಕುಬಸ ನೋಡಿದೆ. ವೈನಿ ತನ್ನ ಕುಬಸ ತಾನ ನೋಡಿಕೊಂಡಳು. ಸತ್ತವರಿಗೆ ಇಟ್ಟದ್ದು ಅವರಿಗೆ ಮುಟ್ಟತೈತೋ ಇಲ್ಲೋ ಯಾರ ಕಂಡಾರ? ಇದು ಮಾತ್ರ ಮುಟ್ಟಬೇಕಾದಾಕಿಗೇ ನೇರ ಮುಟ್ಟಿತ್ತು, ಹೊಲಿಗಿ ಹಾಕಿಸಿಕೊಂಡು ಓಣಿ ತಿರಗಿತ್ತು.

ಈಗ ಹೇಳ್ತಾಳ ನಾ ಬದುಕೀನಿ ಅಂತ, ಅಂದುಕೊಂಡೆ. ನನ್ನ ನಾಲಿಗಿ ತುದಿಗೇ ಬಂದಿತ್ತು. ವೈನಿ ನನ್ನ ತೊಡಿ ಚಿವುಟಿ ಸುಮ್ಮನಿರಿಸಿದಳು. ಬಗ್ಗಿ ಆಯಿ ಕಾಲ ಮುಟ್ಟಿ, "ಪ್ರಯತ್ನ ಮಾಡ್ತೀನ್ರಿ ಆಯಿ" ಅಂದಳು. ನಾ ಆಯಿ ಮನ್ಯಾಗ ಮಲಗಿದೆ. ಅವರಿಬ್ಬರು ಗಾಡ್ಯಾಗ.

ಬೆಳಿಗ್ಗೆ ಆಯಿ ಕೈ ಹಿಡಕೊಂಡು ಗಾಡಿ ಹತ್ತರ ಹೋದೆ. ಡ್ರೈವರನ ದನಿ ಕೇಳ್ತು: "ಏ, ಏಳ, ಒಂದ ಕಪ್ ಚಹಾ ಮಾಡು."

ವೈನಿ ಕೌದಿ ಒಳಗಿಂದ ಅಂದಳು: "ಸತ್ತಾಕಿ ಎಲ್ಲೆರ ಚಹಾ ಮಾಡ್ತಾಳೇನ್ರಿ? ನೀವ ಮಾಡ್ರಿ."

ಒಳಗ ಭಾಂಡೆ ಬಿದ್ದವು, ಗ್ಯಾಸ್ ಹೊತ್ತಿತು, ಸಕ್ಕರಿ ಎಲ್ಲೈತಿ ಅಂತ ಹುಡುಕಾಟ ನಡೀತು. ಡ್ರೈವರ ಚಹಾ ಸೋಸಿಕೊಂಡು, ತಾನ ಜಡದ ಹೊಸ್ತಿಲು ತಾನ ಎಡವಿ, ಅರ್ಧಾ ಚೆಲ್ಲಿ, ಉಳದ ಅರ್ಧಾ ಹೆಂಡತಿ ಕೈಗೆ ಕೊಟ್ಟ. ಆಯಿ ಹುಬ್ಬಿನ ಮ್ಯಾಲ ಕೈ ಹಿಡದು ಅದನ್ನೆಲ್ಲ ನೋಡಿ ನಿಟ್ಟುಸಿರು ಬಿಟ್ಟಳು:

"ಎರಡನೇಕಿ ಅಂದ್ರ ಗಂಡಸು ಹೆಂಗ ಕುಣೀತಾನ ನೋಡು! ಆ ಮೊದಲನೇಕಿಗೆ ಈ ಭಾಗ್ಯ ಇರಲಿಲ್ಲ ಪಾಪ."

ವೈನಿ ಚಹಾ ಊದಿಕೊಂತ ಅಂದಳು: "ಹೌದ್ರಿ ಆಯಿ. ಆಕಿ ಇನ್ನೂ ಮೊದಲ ಸಾಯಬೇಕಾಗಿತ್ತು."