ನಮ್ಮ ಫ್ರಿಜ್ಜಿನ ಬಣ್ಣ ಕೆಡಿಸಿದ ಜ್ವಾಲಾಮುಖಿಯವರಿಗೆ

ಮಾನ್ಯ ಜ್ವಾಲಾಮುಖಿಯವರೇ,

ಮೋಡಗಳಿಗೂ ಮೇಲೆ ತಲೆಯೆತ್ತಿ, ಹೊಗೆಯನ್ನೇ ಪೇಟವಾಗಿ ಸುತ್ತಿಕೊಂಡು ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತನೊಬ್ಬ ಸುರಕ್ಷಿತ ಅಂತರದಲ್ಲಿ ನಿಂತು ಮಾಡುವ ನಮಸ್ಕಾರಗಳು. ಊರಿನವರ ದೂರುಗಳಿಗೆಲ್ಲ ‘ಪರಿಶೀಲಿಸಲಾಗುತ್ತಿದೆ’ ಎಂದು ಉತ್ತರ ಬರೆದೇ ಕೂದಲು ನರೆತ ನಾನು ಸ್ವಂತದ ದೂರೊಂದನ್ನು ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ತಮ್ಮ ಹೊಟ್ಟೆಗೆ ಏನು ಹಾಕಿದರೂ ಕರಗುತ್ತದೆಂದು ಕೇಳಿದ್ದೇನೆ.

ತಮಗೂ ನನಗೂ ಇರುವ ಹೋಲಿಕೆಯನ್ನು ಮೊದಲು ಕಂಡುಹಿಡಿದವಳು ನನ್ನ ಮಗಳು. ಕಚೇರಿಯಲ್ಲಿ ಇಡೀ ದಿನ ಸಾರ್ವಜನಿಕರ ಸಿಟ್ಟನ್ನು ನಗುನಗುತ್ತ ನುಂಗಿ, ಸಂಜೆ ಮನೆಗೆ ಬಂದು, ಚಪ್ಪಲಿ ಗೂಡು ಓರೆಯಾಗಿದೆ ಎಂಬಂಥ ಘನವಾದ ಕಾರಣಕ್ಕೆ ಅದನ್ನೆಲ್ಲ ಒಟ್ಟಿಗೆ ಹೊರಚೆಲ್ಲುವುದು ನನ್ನ ಪದ್ಧತಿ. ತಮ್ಮ ದರ್ಶನಕ್ಕೆ ಹೋಗೋಣವೆಂದು ನಾನು ಊಟದ ಮೇಜಿನಲ್ಲಿ ಘೋಷಿಸಿದ್ದೇ ತಡ, ಅವಳು ತಮ್ಮ ವೀಕ್ಷಣಾಲಯದವರು ಪ್ರಕಟಿಸುವ ಎಚ್ಚರಿಕೆಯ ಬಣ್ಣಗಳನ್ನೆಲ್ಲ ಓದಿಕೊಂಡು, ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣದ ಅಯಸ್ಕಾಂತದ ಬಿಲ್ಲೆಗಳನ್ನು ತಂದು, ನನ್ನ ಆಯಾ ಹೊತ್ತಿನ ಸ್ಥಿತಿಯನ್ನು ಫ್ರಿಜ್ಜಿನ ಬಾಗಿಲ ಮೇಲೆ ಪ್ರಕಟಿಸತೊಡಗಿದಳು. ಕಿತ್ತಳೆ ಬಂದರೆ ತಮ್ಮ ಬೆಟ್ಟದ ದಾರಿಯನ್ನು ಮುಚ್ಚುತ್ತಾರಷ್ಟೆ? ಮದುವೆಯಾದಾಗಿನಿಂದ ಒಮ್ಮೆಯೂ ದನಿಯೆತ್ತದ ನನ್ನ ಹೆಂಡತಿ ಆ ನಿಯಮವನ್ನು ನಮ್ಮ ಮನೆಗೂ ಅನ್ವಯಿಸಿದಳು. “ನೋಡಿ, ಹೊರಡೋದ್ರೊಳಗೆ ನೀವು ಒಂದ್ಸಲ ಕಿತ್ತಳೆಗೆ ಹೋದ್ರೂ ನಾನು ಬರಲ್ಲ. ಒಂದು ಪ್ರವಾಸಕ್ಕೆ ಒಂದು ಜ್ವಾಲಾಮುಖಿ ಸಾಕು ರೀ,” ಎಂದಳು. ಅವಳು ಜೊತೆಗಿಲ್ಲದಿದ್ದರೆ ಪಕ್ಕದ ಬೀದಿಯಲ್ಲೇ ದಾರಿ ತಪ್ಪುವ ನಾನು ತಮ್ಮ ಬಾಯಿಯ ಅಂಚಿನಲ್ಲಿ ಏನಾಗುತ್ತಿದ್ದೆನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಾಗಿ ನನ್ನ ತಯಾರಿ ಎರಡು ಬಗೆಯದಾಯಿತು: ತಮ್ಮ ಬಿಸಿಗೆ ಒಂದು, ನನ್ನ ಬಿಸಿಗೆ ಇನ್ನೊಂದು. ಹೊಸ ಬೂಟು ಕಾಲಿಗೆ ಹೊಂದಿಕೊಳ್ಳಲಿ ಎಂದು ಕಚೇರಿಗೂ ಅದನ್ನೇ ಹಾಕಿಕೊಂಡು ಹೋಗಿ, ಮೇಜಿನ ಕೆಳಗೆ ಕಾಲು ಚಾಚಿ, ಪರ್ವತಾರೋಹಣದ ಬಹುಪಾಲನ್ನು ಕುಳಿತಲ್ಲೇ ಮುಗಿಸಿದೆ. ನಾವಿರುವ ಕಟ್ಟಡದ ಮೆಟ್ಟಿಲುಗಳನ್ನು ದಿನವೂ ಹತ್ತಬೇಕೆಂದು ನಿಶ್ಚಯಿಸಿದ್ದೆನಾದರೂ, ಲಿಫ್ಟ್ ಬಾಗಿಲು ತೆರೆದು ನಿಂತಿರುವಾಗ ಅದರ ಮನಸ್ಸು ನೋಯಿಸುವುದು ನನ್ನಂಥ ದಾಕ್ಷಿಣ್ಯದವನಿಗೆ ಆಗಲಿಲ್ಲ. ನನ್ನ ಜೊತೆಗೇ ಬೂಟು ಕೊಂಡ ಹೆಂಡತಿ ಅದನ್ನು ಮಂಚದ ಕೆಳಗೆ ತಳ್ಳಿ ಸುಮ್ಮನಾದಳು. ಹೆಂಗಸರಿಗೆ ಇಂಥ ಸಾಹಸಗಳಲ್ಲಿ ಆಸಕ್ತಿ ಕಡಿಮೆಯೆಂದು ನಾನು ಉದಾರವಾಗಿ ಕ್ಷಮಿಸಿದೆ.

ಬೂದಿ, ಹೊಗೆಗಳಿಗೆಂದು ತಂದ ವಿಷಾನಿಲದ ಮುಖವಾಡವಂತೂ ದೇವರು ಕೊಟ್ಟ ವರವಾಯಿತು. ಅದರೊಳಗೆ ಎಷ್ಟು ಕಿರುಚಿದರೂ ಹೊರಗಿನವರಿಗೆ ಜೇನ್ನೊಣ ಗುಂಯ್‌ಗುಟ್ಟಿದಂತೆ ಕೇಳಿಸುತ್ತದೆ. ವಿಮೆಯ ಏಜೆಂಟರು “ಒಳಗೆ ಬಿದ್ದರೆ ಕ್ಲೇಮಿಗೆ ದೇಹ ಹಾಜರುಪಡಿಸ್ಬೇಕಾಗತ್ತೆ ಸಾರ್” ಎಂದಾಗ ಅದನ್ನು ಧರಿಸಿದೆ. ಭಾವಮೈದ ಬಂದು ಸೋಫಾದ ಮೇಲೆ ಕಾಲು ಮಡಚಿ ಕೂತು, “ಅಷ್ಟು ದೂರ ಯಾಕೆ ಭಾವ, ಅಕ್ಕ ಇಲ್ಲೇ ಒಂದು ಟಿಕೆಟ್ ಕೌಂಟರ್ ಇಟ್ಟಿದ್ರೆ ನಾವೇ ಬಂದು ನೋಡ್ತಿದ್ವಲ್ಲ” ಎಂದಾಗ ಮತ್ತೆ ಧರಿಸಿದೆ. ಮಗಳು ಹತ್ತಿರ ಬಂದು ಮುಖವಾಡದ ಗಾಜನ್ನು ಪರೀಕ್ಷಿಸಿ, “ಆವಿ ಕಟ್ಟಿದೆ, ಆದ್ರೆ ಶಬ್ದ ಇಲ್ಲ. ಹಳದಿ,” ಎಂದು ತೀರ್ಪಿತ್ತಳು. ಹೊರಡುವ ವಾರದವರೆಗೂ ನಾನು ಕಿತ್ತಳೆ ಮುಟ್ಟಲಿಲ್ಲ, ಮಾನ್ಯರೇ. ಇದು ನನ್ನ ವಂಶದಲ್ಲಿಯೇ ದಾಖಲೆ.

ಆಗ ತಾವು ಕಿತ್ತಳೆಗೆ ಹೋದಿರಿ.

ಸಂಜೆ ಕಚೇರಿಯಿಂದ ಬಂದವನಿಗೆ ಬಾಗಿಲಲ್ಲೇ ಮಗಳು ಫೋನ್ ತೋರಿಸಿ, “ದಾರಿ ಮುಚ್ಚಿದ್ದಾರಂತೆ ಅಪ್ಪ. ಈ ವರ್ಷಕ್ಕೆ ಇಲ್ಲವಂತೆ,” ಎಂದಳು. ನಾನು ಮುಖವಾಡಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಒಳಕೋಣೆಯಿಂದ, ಈ ಮನೆಯಲ್ಲಿ ನಾನೆಂದೂ ಕೇಳಿರದ ದನಿಯೊಂದು ಎದ್ದಿತು. ನನ್ನ ಹೆಂಡತಿ ಪ್ರವಾಸದ ಕಂಪನಿಯವರೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. “ಮುಂದಿನ ವರ್ಷ ಅಂತೀರಲ್ಲ, ಮುಂದಿನ ವರ್ಷ ನನ್ನ ಮಂಡಿ ಏನನ್ನತ್ತೆ ಅಂತ ನಿಮಗೆ ಗೊತ್ತಾ? ಇವರು ಆಫೀಸಿಗೆ ಹೋದ್ಮೇಲೆ ದಿನಾ ಮೆಟ್ಟಿಲು ಹತ್ತಿ ಇಳಿದವಳು ನಾನು, ನೀವಲ್ಲ. ಚಿಕ್ಕವಳಿದ್ದಾಗಿಂದ ನೋಡ್ಬೇಕು ಅಂತಿರೋಳೂ ನಾನೇ, ನೀವಲ್ಲ.” ಕಿಟಕಿಯ ಗಾಜು ಅದುರಿತು. ಮಂಚದ ಕೆಳಗಿದ್ದ ಅವಳ ಬೂಟುಗಳು ನಡುಕೋಣೆಯಲ್ಲಿ ಮಗುಚಿ ಬಿದ್ದಿದ್ದವು. ಅವುಗಳ ಅಟ್ಟೆ ಸವೆದು ನುಣ್ಣಗಾಗಿತ್ತು. ನನ್ನವು ಅಂಗಡಿಯಿಂದ ಬಂದ ಹಾಗೇ ಹೊಳೆಯುತ್ತಿದ್ದವು.

ಈ ದರ್ಶನದ ಆಸೆ ನನ್ನದೆಂದೇ ನಾನು ತಿಳಿದಿದ್ದೆ. ವರ್ಷವಿಡೀ ನಾನೊಬ್ಬನೇ ಹೊಗೆಯಾಡುತ್ತಿದ್ದ ಮನೆಯಲ್ಲಿ ಇನ್ನೊಬ್ಬರ ಒಡಲಲ್ಲಿ ಏನು ಕುದಿಯುತ್ತಿದೆ ಎಂದು ಗೊತ್ತಾಗುವುದಾದರೂ ಹೇಗೆ? ನಾನು ಸದ್ದಿಲ್ಲದೆ ಫ್ರಿಜ್ಜಿನ ಮೇಲೆ ಈ ಸಲ ಅವಳ ಲೆಕ್ಕಕ್ಕೆ ಕೆಂಪು ಬಿಲ್ಲೆ ಅಂಟಿಸಿ, ಒಳಗೆ ಹೋಗಿ, ಮುಖವಾಡವನ್ನು ಅವಳ ಮುಂದೆ ಹಿಡಿದೆ. ಫೋನಿಟ್ಟು, ನನ್ನನ್ನೊಮ್ಮೆ ನೋಡಿ, ಅವಳು ಅದನ್ನು ಹಾಕಿಕೊಂಡಳು. ಗಾಜಿಗೆ ಆವಿ ಕಟ್ಟಿತು. ಬಹಳ ಹೊತ್ತು ತೆಗೆಯಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ದಯವಿಟ್ಟು ಇನ್ನು ಮುಂದೆ ಉಕ್ಕುವುದಿದ್ದರೆ ಮುಂಚಿತವಾಗಿ ಲಿಖಿತ ಸೂಚನೆ ಕೊಡಿ, ಕಚೇರಿಯ ವೇಳೆಯಲ್ಲೇ ಮುಗಿಸಿ, ಬೆಂಕಿಯ ಒಂದು ಪಾಲನ್ನು ನನ್ನ ಹೆಂಡತಿಯ ಹೆಸರಿನಲ್ಲಿ ಕಾದಿರಿಸಿ, ಅವಳ ಮಂಡಿ ಗಟ್ಟಿಯಾಗಿರುವಾಗಲೇ ತಣ್ಣಗಾಗಿ, ಆದರೆ ಪೂರ್ತಿ ತಣ್ಣಗಾಗಬೇಡಿ. ನಾವಂತೂ ತಯಾರಿ ನಿಲ್ಲಿಸಿಲ್ಲ. ಈಗ ಕಚೇರಿಗೆ ಹೋಗುವ ಮೊದಲು ಇಬ್ಬರೂ ಮೆಟ್ಟಿಲು ಹತ್ತುತ್ತೇವೆ: ಅವಳು ಮುಂದೆ, ನಾನು ಒಂದು ಮಹಡಿ ಹಿಂದೆ, ಹೊಗೆಯಾಡುತ್ತ.

ತಮ್ಮ ವಿಶ್ವಾಸಿ,
(ಸದ್ಯಕ್ಕೆ ಹಸಿರು) ದೂರು ಗುಮಾಸ್ತ

ತಾ.ಕ.: ತಾವು ಹಳದಿಗೆ ಇಳಿದಿರೆಂದೂ, ದಾರಿ ಬೇಗನೆ ತೆರೆಯಬಹುದೆಂದೂ ಈಗಷ್ಟೇ ಸುದ್ದಿ ಬಂತು. ಹೆಂಡತಿಗೆ ಹೇಳಿದೆ. ಫ್ರಿಜ್ಜಿನ ಕಡೆ ನೋಡಿ, “ಕಾಯ್ಲಿ ಬಿಡಿ, ನಾನಿನ್ನೂ ಕಿತ್ತಳೆ,” ಎಂದಳು. ಆದಕಾರಣ ತಮ್ಮನ್ನು ಭೇಟಿಯಾಗುವ ವಿಷಯವನ್ನು ಪರಿಶೀಲಿಸಲಾಗುತ್ತಿದೆ.