ನಿಂಬೆಸಿಪ್ಪೆಯ ಮಹಾದ್ರಾವಣ

ಫಿನಾಯಿಲ್ ವಾಸನೆ ಬಡಿದರೆ ನನ್ನ ಅತ್ತೆಯವರಿಗೆ ಕೆಮ್ಮು ಬರುತ್ತದೆ. ಆ ಕೆಮ್ಮೇ ನನ್ನನ್ನು ವಿಜ್ಞಾನಿಯಾಗಿಸಿದ್ದು.

ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ಹದಿನೈದು ದಿನ ನಮ್ಮಲ್ಲೇ ವಿಶ್ರಾಂತಿ. "ಮನೇಲಿ ಕ್ರಿಮಿನೂ ಇರಬಾರದು, ಫಿನಾಯಿಲ್ಲೂ ಇರಬಾರದು" ಎಂದು ನನ್ನಾಕೆ ಆಜ್ಞೆ ಹೊರಡಿಸಿದಳು. ಅವಳು ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ವಾರ್ಡುಗಳ ಸ್ವಚ್ಛತೆ ಅವಳ ಹೊಣೆ. ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಊರವರ ತಪ್ಪು ಹುಡುಕುವುದು ನನ್ನ ಉದ್ಯೋಗ, ನನ್ನ ತಪ್ಪು ಹುಡುಕುವುದು ಅವಳ ಹವ್ಯಾಸ.

ಕರಡು ತಿದ್ದುವಾಗಲೇ ಒಂದು ಲೇಖನ ಕಣ್ಣಿಗೆ ಬಿತ್ತು. ನಿಂಬೆಸಿಪ್ಪೆ, ಸಕ್ಕರೆ, ನೀರು ಬೆರೆಸಿ ಹುಳಿ ಬರಿಸಿದರೆ ಪರಿಸರಸ್ನೇಹಿ ಶುಚಿದ್ರಾವಣ ಸಿದ್ಧ! ಮೂರು ತಿಂಗಳು ಕಾಯಬೇಕಂತೆ. (ಅಷ್ಟು ತಾಳ್ಮೆಯಿದ್ದಿದ್ದರೆ ನಾನು ಋಷಿಯಾಗುತ್ತಿದ್ದೆ, ಗಂಡನಾಗುತ್ತಿರಲಿಲ್ಲ.) ಮೂರೇ ವಾರಕ್ಕೆ ಸೋಸಿ, ಧಾರಾಳವಾಗಿ ನೀರು ಬೆರೆಸಿ, ಸ್ಪ್ರೇ ಬಾಟಲಿಗೆ ತುಂಬಿ, 'ಸಕಲ ಕ್ರಿಮಿನಾಶಕ' ಎಂದು ಚೀಟಿ ಅಂಟಿಸಿದೆ.

"ರೀ, ಇದು ಕ್ರಿಮಿ ಸಾಯಿಸುತ್ತೆ ಅಂತ ಯಾರು ಹೇಳಿದ್ದು?"

"ಮೂಸಿ ನೋಡೇ! ಈ ವಾಸನೆಗೆ ಮನುಷ್ಯನೇ ಓಡಿಹೋಗ್ತಾನೆ. ಕ್ರಿಮಿ ನಿಲ್ಲುತ್ತಾ?"

"ಓಡೋಕೆ ಅವಕ್ಕೆ ಕಾಲಿಲ್ಲ ಕಣ್ರೀ."

ಅಸೂಯೆ ಎಂದುಕೊಂಡೆ. ಊಟದ ಮೇಜು, ಅಡುಗೆ ಕಟ್ಟೆ, ಬಾಗಿಲ ಹಿಡಿ, ಅತ್ತೆಯವರಿಗೆಂದು ಹಾಕಿದ ಮಂಚ, ಎಲ್ಲಕ್ಕೂ ದಿನಕ್ಕೆರಡು ಬಾರಿ ಅಭಿಷೇಕ ನಡೆಸಿದೆ. ಪಾಯಿಖಾನೆಗೆ ಮಾತ್ರ ಹೋಗಲಿಲ್ಲ. ಅಂಥ ದಿವ್ಯದ್ರವವನ್ನು ಅಲ್ಲಿ ಹಾಳುಮಾಡುವುದೇ? ಅದನ್ನು ನನ್ನಾಕೆ ಸೋಪು, ಬಿಸಿನೀರು ಹಾಕಿ ಉಜ್ಜಿಕೊಳ್ಳುತ್ತಿದ್ದಳು.

ಆಪರೇಷನ್ನಿಗೆ ಮೂರು ದಿನವಿದ್ದಾಗ ಅವಳು ಹತ್ತಿಕಡ್ಡಿಗಳನ್ನು ಹಿಡಿದು ಮನೆಯೆಲ್ಲ ಒರೆಸಿ, ಪರೀಕ್ಷೆಗೆಂದು ಪುಟ್ಟ ಕೊಳವೆಗಳಲ್ಲಿ ಹಾಕಿಕೊಂಡು ಹೋದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಗೆಳತಿಯೊಬ್ಬಳಿದ್ದಾಳೆ. ಪ್ರಶಸ್ತಿಪತ್ರ ಬರುತ್ತದೆಂದು ನಾನು ಕಾದೆ.

ಅತ್ತೆಯವರು ಬರುವ ದಿನ ಬೆಳಿಗ್ಗೆ ಫಲಿತಾಂಶ ಬಂತು. ನನ್ನಾಕೆ ಮೊಬೈಲು ಮುಂದೆ ಹಿಡಿದಳು. ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಗಾಜಿನ ತಟ್ಟೆಗಳ ಚಿತ್ರ. ಒಂದರಲ್ಲಿ ಹಳದಿ ಚುಕ್ಕೆಗಳು ಒತ್ತೊತ್ತಾಗಿ ಸಂಸಾರ ಹೂಡಿದ್ದವು.

"ಅಯ್ಯೋ! ಇದು ಪಾಯಿಖಾನೆದಾ?"

"ಅಲ್ಲ, ಊಟದ ಮೇಜು."

ನಾನು ಪಕ್ಕದ ಚಿತ್ರಕ್ಕೆ ಬೆರಳಿಟ್ಟೆ. "ಹಾಗಾದ್ರೆ ಈ ಖಾಲಿ ತಟ್ಟೆ?"

"ಅದು ಪಾಯಿಖಾನೆ."

ಅಂದರೆ ಇಷ್ಟು ದಿನ ನಾವು ಊಟಕ್ಕೆ ಕುಳಿತದ್ದು ತಪ್ಪು ಕೋಣೆಯಲ್ಲಿ!

"ಇನ್ನೊಂದಿದೆ" ಎಂದು ಅವಳು ಬೆರಳಾಡಿಸಿದಳು. ಆ ತಟ್ಟೆಯಲ್ಲಿ ತಟ್ಟೆಯೇ ಕಾಣುತ್ತಿರಲಿಲ್ಲ. ಬಿಳಿ, ಹಳದಿ, ಹಸಿರು ಬೂಸ್ಟು ಅಂಚಿನವರೆಗೆ ಹಬ್ಬಿ ಜಂಬೂದ್ವೀಪವೇ ಎದ್ದುನಿಂತಿತ್ತು.

"ಇದು... ಯಾವ ಮೂಲೆದೇ?"

"ಮೂಲೆದಲ್ಲ. ನಿಮ್ಮ ಬಾಟಲಿದು. ಇಷ್ಟು ದಿನ ನೀವು ಕ್ರಿಮಿ ಕೊಂದಿಲ್ಲ, ಬಿತ್ತನೆ ಮಾಡಿದ್ದೀರಿ. ನಮಗೇನೂ ಆಗದೇ ಇರಬಹುದು. ಆಪರೇಷನ್ ಆದ ಅಮ್ಮನ ಕಣ್ಣಿಗೆ?"

ಅತ್ತೆಯವರ ದಿಂಬಿಗೂ ಎರಡು ಸಲ ಹೊಡೆದಿದ್ದೆನಲ್ಲ! ವೃತ್ತಿಧರ್ಮದಂತೆ ಹೇಳುವುದಾದರೆ, 'ಕ್ರಿಮಿನಾಶಕ' ಎಂದಿದ್ದಲ್ಲಿ 'ಕ್ರಿಮಿಪೋಷಕ' ಎಂದು ಓದಿಕೊಳ್ಳತಕ್ಕದ್ದು.

ಕಚೇರಿಗೆ ರಜೆ ಹೇಳಿದೆ. ಹಾಸಿಗೆ ಬಟ್ಟೆಗಳೆಲ್ಲ ಕುದಿಯುವ ನೀರಿಗೆ ಬಿದ್ದವು, ದಿಂಬು ಬಿಸಿಲಿಗೆ ಹೋಯಿತು. ಹಳೆ ಬನಿಯನ್ ತೊಟ್ಟು, ತಲೆಗೆ ಟವೆಲ್ ಸುತ್ತಿ, ಮಂಡಿಯೂರಿ ಮನೆಯನ್ನೆಲ್ಲ ಸೋಪುನೀರಿನಲ್ಲಿ ಉಜ್ಜಿದೆ. ನನ್ನಾಕೆ ಆಸ್ಪತ್ರೆಯಿಂದ ಅಮ್ಮನನ್ನು ಕರೆತಂದಾಗ ನಾನಿನ್ನೂ ಮಂಚದ ಕೆಳಗೇ ಇದ್ದೆ. ಹೊರಗೆ ಕಾಣುತ್ತಿದ್ದುದು ನನ್ನ ಪಾದಗಳು ಮಾತ್ರ.

ಅತ್ತೆಯವರು ಪಟ್ಟಿಯಿಲ್ಲದ ಕಣ್ಣನ್ನು ಕಿರಿದು ಮಾಡಿ ಸುತ್ತಲೂ ನೋಡಿದರು. "ಎಷ್ಟು ಚೊಕ್ಕಟವಾಗಿದೆ ಮನೆ! ಒಂಚೂರೂ ವಾಸನೆ ಇಲ್ಲ. ಈ ಕೆಲಸದವನು ಎಲ್ಲಿ ಸಿಕ್ಕಿದನೇ? ನಮ್ಮನೆಗೂ ಕಳಿಸು."

ನಾನು ಕೆಳಗಿನಿಂದ ಉಸಿರು ಬಿಗಿಹಿಡಿದು ಕಾದೆ. ಇಪ್ಪತ್ತು ವರ್ಷ ಸಂಸಾರ ಮಾಡಿದವಳು, ಗಂಡನ ಮಾನ ಕಾಪಾಡಳೇ?

"ಕಳಿಸ್ತೀನಮ್ಮ" ಎಂದಳು ನನ್ನಾಕೆ. "ಭಾನುವಾರ ಅವರಿಗೆ ಬಿಡುವು. ಆದ್ರೆ ಪಕ್ಕದಲ್ಲೇ ನಿಂತು ಮಾಡಿಸಬೇಕು. ಸ್ವಂತ ಬುದ್ಧಿ ಉಪಯೋಗಿಸೋಕೆ ಮಾತ್ರ ಬಿಡಬೇಡ."