ಪರಿಸರಸ್ನೇಹಿ ಕಮ್ಮಾರ

ನಮ್ಮ ವಸ್ತುಸಂಗ್ರಹಾಲಯದಲ್ಲಿ ಇನ್ನು ಮುಂದೆ ಮಣ್ಣಿನಲ್ಲಿ ಕರಗದ ಯಾವ ವಸ್ತುವನ್ನೂ ಪ್ರದರ್ಶನಕ್ಕೆ ಬಳಸತಕ್ಕದ್ದಲ್ಲ ಎಂದು ಆಡಳಿತ ಮಂಡಳಿ ಒಮ್ಮತದಿಂದ ತೀರ್ಮಾನಿಸಿತು. ತೀರ್ಮಾನವನ್ನು ಪ್ಲಾಸ್ಟಿಕ್ ಫಲಕದಲ್ಲಿ ಅಚ್ಚು ಹಾಕಿಸಿ ಬಾಗಿಲಿಗೆ ತೂಗುಹಾಕಿದೆವು. ಕಾಗದ ಬೇಗ ಹಾಳಾಗುತ್ತದೆ.

ಆಗ ‘ಮರೆಯಾದ ಕಸುಬುಗಳು’ ಪ್ರದರ್ಶನದ ಸಿದ್ಧತೆ ನಡೆದಿತ್ತು. ಕಮ್ಮಾರ, ಕುಂಬಾರರ ಫೈಬರ್ ಗೊಂಬೆಗಳು ನಿಯಮಬಾಹಿರವಾದವು. ಬಿಸಾಡಿದರೆ ಪರಿಸರದ್ರೋಹವೆಂದು ನಿರ್ದೇಶಕರು ಅವನ್ನು ತಮ್ಮ ಭಾಮೈದನ ಬಟ್ಟೆ ಅಂಗಡಿಗೆ ಸಾಗಿಸಿದರು. ಕಮ್ಮಾರ ಈಗ ಅಲ್ಲಿ ಸೂಟು ತೊಟ್ಟು ನಿಂತಿದ್ದಾನೆ. ಹೊಸ ಗೊಂಬೆ ಮಾಡಿಸೋಣವೆಂದರೆ ಪರಿಸರ ನಿಧಿಯೆಲ್ಲ ಮಂಡಳಿಯ ಅಧ್ಯಯನ ಪ್ರವಾಸಕ್ಕೆಂದು ವಿಮಾನವೇರಿತ್ತು.

ನಿರ್ದೇಶಕರ ಕಣ್ಣು ಕಾವಲುಗಾರನ ಮೇಲೆ ಬಿತ್ತು. ಅವನು ಮದುವೆಯಾದಾಗಿನಿಂದ ಹಂಗಾಮಿ. ಈ ಪ್ರದರ್ಶನ ಮುಗಿದರೆ ಕೆಲಸವೂ ಮುಗಿಯುತ್ತಿತ್ತು. ಕಾಯಂ ಮಾಡಿ ಎಂದು ಕಂಡಕಂಡವರ ಕಾಲು ಹಿಡಿದು ಬೆನ್ನೇ ಬಾಗಿತ್ತು. ಕಮ್ಮಾರನಿಗೆ ಆ ಬಾಗು ಚೆನ್ನಾಗಿಯೇ ಒಪ್ಪುತ್ತಿತ್ತು.

“ಏನಯ್ಯಾ, ನೀನು ಮಣ್ಣಲ್ಲಿ ಕರಗ್ತೀಯ ತಾನೆ?”

“ಇವತ್ತಲ್ಲ ನಾಳೆ ಎಲ್ರೂ ಕರಗ್ಲೇಬೇಕಲ್ಲ ಸಾರ್.”

“ಹಾಗಂತ ಬರೆದುಕೊಡು.”

“ಕಾಯಂ ಮಾಡ್ತೀರಾ ಸಾರ್?”

“ನೌಕರನನ್ನ ಯಾವಾಗ ಬೇಕಾದ್ರೂ ತೆಗೀಬಹುದು ಕಣಯ್ಯಾ. ಸಂಗ್ರಹದ ವಸ್ತುನ ಯಾರಪ್ಪನ ಕೈಲೂ ತೆಗೆಯೋಕಾಗಲ್ಲ.”

ಅವನು ಒಪ್ಪಿದ. ಅವನ ಕೊರಳಿಗೆ ನೋಂದಣಿ ಸಂಖ್ಯೆ ಕಟ್ಟುವಾಗ ಗುಮಾಸ್ತನಾದ ನನಗೆ ಸಂಕಟವಾಯಿತು. ಆದರೂ ಗಂಟು ಬಿಗಿಯಾಗಿಯೇ ಹಾಕಿದೆ. ವಸ್ತುಗಳಿಗೆ ಸಂಬಳವಿರುವುದಿಲ್ಲ, ನಿರ್ವಹಣಾ ವೆಚ್ಚವಿರುತ್ತದೆ. ಅದು ಧೂಳು ಒರೆಸುವ ಗುತ್ತಿಗೆಯಾಗಿ ಭಾಮೈದನಿಗೆ ಹೋಯಿತು.

ಉದ್ಘಾಟನೆಯ ದಿನ ಜನ ಮುಗಿಬಿದ್ದರು. “ಏನು ಜೀವ ತುಂಬಿದಾರೆ ನೋಡ್ರೀ!” ಎಂದು ಬಾಯ್ತುಂಬ ಹೊಗಳಿದರು.

ಮಧ್ಯಾಹ್ನ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದು, ಟಿಕೆಟ್ ಕೊಂಡು, ಒಳಗೆ ಬಂದಳು. ಹಗ್ಗದಾಚೆ ಸುತ್ತಿಗೆ ಎತ್ತಿ ನಿಂತಿದ್ದ ಗಂಡನನ್ನು ನೋಡಿ, “ರೀ, ಕೈ ನೋಯಲ್ವಾ? ಬನ್ನಿ, ಎರಡು ತುತ್ತು ತಿನ್ನಿ” ಎಂದಳು.

ವಸ್ತುಗಳು ವೀಕ್ಷಕರೊಡನೆ ಮಾತಾಡುವಂತಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಕಟ್ಟಡದ ತೇವಾಂಶವೆಂದು ದಾಖಲಿಸಿಕೊಂಡೆ.

“ವಸ್ತುವಿಗೆ ಆಹಾರ ಕೊಡಬಾರದಮ್ಮಾ,” ಎಂದೆ.

“ಮನೆಗೆ ಯಾವಾಗ ಕಳಿಸ್ತೀರಿ?”

“ಸಂಸ್ಥೆಯ ಆಸ್ತಿ. ಹೊರಗೆ ಕಳಿಸೋ ಹಾಗಿಲ್ಲ.”

“ಕೆಲಸದಿಂದ ತೆಗೆಯೋದು?”

“ಅದೂ ಸಾಧ್ಯವಿಲ್ಲ.”

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಗಂಡನನ್ನು ಇನ್ನೊಮ್ಮೆ ದಿಟ್ಟಿಸಿದಳು. ಪಕ್ಕದಲ್ಲಿ ಕುಂಬಾರನ ಜಾಗ ಇನ್ನೂ ಖಾಲಿಯಿತ್ತು. ಅದರತ್ತ ನೋಡುತ್ತ ದನಿ ತಗ್ಗಿಸಿ ಕೇಳಿದಳು:

“ಸಾರ್, ನನ್ನ ತಮ್ಮನೂ ಹಂಗಾಮಿನೇ. ಸ್ವಲ್ಪ ನೋಡ್ತೀರಾ?”